ಗುಂಡಿನ ಅಳತೆ, ಕೈಯ ಅಳತೆ

ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಪಾಠ ಹೇಳಿದವನು ನಾನು. ಅದರಲ್ಲಿ ಹನ್ನೆರಡು ವರ್ಷ ಶಾಲೆಯ ಎನ್‌ಸಿಸಿ ಅಧಿಕಾರಿಯಾಗಿಯೂ ದುಡಿದೆ. ವರ್ಷಕ್ಕೊಮ್ಮೆ ಹುಡುಗರನ್ನು ಫೈರಿಂಗ್ ರೇಂಜಿಗೆ ಕರೆದೊಯ್ದು .22 ರೈಫಲಿನಲ್ಲಿ ತಲಾ ಐದು ಗುಂಡು ಹಾರಿಸಲು ಕಲಿಸುತ್ತಿದ್ದೆವು. ನಮ್ಮೊಂದಿಗೆ ಬರುತ್ತಿದ್ದ ಹವಾಲ್ದಾರರೊಬ್ಬರಿಗೆ ಒಂದು ಉಪಾಯ ಗೊತ್ತಿತ್ತು. ಯಾವ ಹುಡುಗನ ಗುಂಡು ಗುರಿಹಲಗೆಯನ್ನೇ ಮುಟ್ಟದೆ ಹೋಗುತ್ತಿತ್ತೋ, ಅವನ ಬಂದೂಕಿಗೆ ಅವನಿಗೆ ತಿಳಿಯದಂತೆ ಖಾಲಿ ತೋಟೆಯೊಂದನ್ನು ತುಂಬಿ ಕೊಡುತ್ತಿದ್ದರು. ಟ್ರಿಗರ್ ಎಳೆದಾಗ ಸದ್ದಿಲ್ಲ, ಒದೆತವಿಲ್ಲ. ಆದರೂ ಹುಡುಗನ ಹೆಗಲು ನಡುಗಿ, ಕಣ್ಣು ಮುಚ್ಚಿ, ನಳಿಗೆಯ ತುದಿ ನೆಲದತ್ತ ಬಾಗುತ್ತಿತ್ತು. ‘ನೋಡಿದಿರಾ ಮೇಷ್ಟ್ರೇ, ತಪ್ಪು ಬಂದೂಕಿನದಲ್ಲ’ ಎಂದು ಅವರು ನಗುತ್ತಿದ್ದರು. ಬರಲಿರುವ ಏಟಿಗೆ ಮೊದಲೇ ಹೆದರಿ ಮೈ ಕುಗ್ಗಿಸುವ ಆ ಗುಣವನ್ನು ಅಂದು ಹುಡುಗಾಟಿಕೆಯೆಂದು ಭಾವಿಸಿದ್ದೆ. ಅದು ಎಷ್ಟು ಗಂಭೀರವಾದ ಸಂಗತಿಯೆಂಬುದು ನನಗೆ ಮನವರಿಕೆಯಾದದ್ದು ನಿವೃತ್ತಿಯ ಎಷ್ಟೋ ವರ್ಷಗಳ ನಂತರ, ಏಳು ಸಮುದ್ರದಾಚೆಯ ಟೆಕ್ಸಾಸಿನಲ್ಲಿ.

ನನ್ನ ಮಗ ಡಲ್ಲಾಸ್ ನಗರದ ಹೊರವಲಯದಲ್ಲಿ ನೆಲೆಸಿದ್ದಾನೆ. ಸೊಸೆ ಅಲ್ಲಿನ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ವಾರಕ್ಕೆ ಮೂರು ದಿನ ರಾತ್ರಿ ಪಾಳಿ. ಇಬ್ಬರೂ ಈಗ ಆ ದೇಶದ ಪ್ರಜೆಗಳು. ಕಳೆದ ಬಾರಿ ನಾನು ಅಲ್ಲಿಗೆ ಹೋಗುವ ಕೆಲವೇ ವಾರಗಳ ಮುಂಚೆ ಅವಳ ಸಹೋದ್ಯೋಗಿಯೊಬ್ಬಳನ್ನು ವಾಹನ ನಿಲ್ದಾಣದಲ್ಲಿ ಅಡ್ಡಗಟ್ಟಿ ಕೈಚೀಲ ಕಿತ್ತುಕೊಂಡಿದ್ದರು. ಅಂದಿನಿಂದ ಮನೆಯಲ್ಲಿ ಒಂದೇ ಮಾತು: ಸೊಸೆಗೊಂದು ಪಿಸ್ತೂಲು ಕೊಳ್ಳಬೇಕು, ಉಡುಪಿನೊಳಗೆ ಕಾಣದಂತೆ ಇಟ್ಟುಕೊಳ್ಳಬಹುದಾದ ಚಿಕ್ಕ ಪಿಸ್ತೂಲು. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಅಡ್ಡಿಯಿಲ್ಲದ ವಯಸ್ಕರು ಪರವಾನಗಿಯಿಲ್ಲದೆಯೇ ಕೈಬಂದೂಕನ್ನು ಒಯ್ಯಬಹುದು. ಆದುದರಿಂದ ಕೊಳ್ಳಬೇಕೆ ಬೇಡವೆ ಎಂಬ ಚರ್ಚೆ ಒಂದು ಸಂಜೆಯೂ ನಡೆಯಲಿಲ್ಲ. ನಡೆದದ್ದೆಲ್ಲ ಯಾವ ಕ್ಯಾಲಿಬರ್ ಎಂಬುದರ ಚರ್ಚೆ. ಶನಿವಾರ ಊಟಕ್ಕೆ ಬಂದ ಮಗನ ಗೆಳೆಯರಲ್ಲಿ ಒಬ್ಬ .380 ಎಂದ, ಮತ್ತೊಬ್ಬ 9 ಎಂಎಂ ಎಂದ, ಮೂರನೆಯವನು .40ಕ್ಕಿಂತ ಕಡಿಮೆಯದು ಆಟಿಕೆ ಎಂದ. ಬಿಸಿಬೇಳೆ ಬಾತು ಆರಿ ತಣ್ಣಗಾಯಿತು, ವಾದ ಆರಲಿಲ್ಲ. ‘ಅಪ್ಪ, ನೀವು ಫಿಸಿಕ್ಸ್ ಮೇಷ್ಟ್ರು. ಲೆಕ್ಕ ಹಾಕಿ ನೀವೇ ಹೇಳಿ’ ಎಂದ ಮಗ.

ಲೆಕ್ಕ ಹಾಕಿದೆ. ಓದುಗ ಮಿತ್ರರು ಸ್ವಲ್ಪ ತಾಳ್ಮೆಯಿಂದ ಈ ತರಗತಿಯಲ್ಲಿ ಕುಳಿತುಕೊಳ್ಳಬೇಕು.

.380 ಎಸಿಪಿ ಎಂಬುದು ಜಾನ್ ಬ್ರೌನಿಂಗ್ ರೂಪಿಸಿ 1908ರಲ್ಲಿ ಕೋಲ್ಟ್ ಕಂಪನಿಯು ಮಾರುಕಟ್ಟೆಗೆ ತಂದ ತೋಟೆ. 9 ಎಂಎಂ ಎಂದು ಎಲ್ಲರೂ ಕರೆಯುವುದು ಅದಕ್ಕೂ ಕೆಲವು ವರ್ಷ ಮೊದಲು ಜರ್ಮನಿಯ ಗಿಯೊರ್ಗ್ ಲುಗರ್ ರೂಪಿಸಿದ್ದು. ಸೋಜಿಗವೆಂದರೆ ಈ ಎರಡರ ಗುಂಡಿನ ವ್ಯಾಸ ಒಂದೇ. ವ್ಯತ್ಯಾಸವಿರುವುದು ತೋಟೆಯ ಕವಚದ ಉದ್ದದಲ್ಲಿ. ಒಂದರದು 17 ಮಿಲಿಮೀಟರ್, ಇನ್ನೊಂದರದು 19. ಜೊತೆಗೆ ಎರಡನೆಯದರಲ್ಲಿ ಅನಿಲದ ಒತ್ತಡ ಹೆಚ್ಚು, ಗುಂಡಿನ ತೂಕವೂ ಸಾಮಾನ್ಯವಾಗಿ ಹೆಚ್ಚು. .40 ಸ್ಮಿತ್ ಅಂಡ್ ವೆಸನ್ ಇವೆರಡಕ್ಕಿಂತ ತುಸು ದಪ್ಪನಾದದ್ದು, 1990ರಲ್ಲಿ ಹುಟ್ಟಿದ್ದು.

ಸಾಮಾನ್ಯವಾಗಿ ದೊರೆಯುವ ಗುಂಡುಗಳನ್ನು ತೆಗೆದುಕೊಳ್ಳೋಣ. .380ರ ಗುಂಡು ಸುಮಾರು 6.2 ಗ್ರಾಂ, ವೇಗ ಸೆಕೆಂಡಿಗೆ 290 ಮೀಟರ್ ಎಂದರೆ ಚಲನಶಕ್ತಿ ಸುಮಾರು 260 ಜೂಲ್. 9 ಎಂಎಂ ಗುಂಡು 8 ಗ್ರಾಂ, ವೇಗ 340 ಎಂದರೆ ಸುಮಾರು 460 ಜೂಲ್. .40ರ ಗುಂಡು 11.7 ಗ್ರಾಂ, ವೇಗ 300 ಎಂದರೆ ಸುಮಾರು 525 ಜೂಲ್. ಮೂರನೆಯ ಗೆಳೆಯ ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟಿದ. ಆದರೆ ನ್ಯೂಟನ್ನನ ಮೂರನೆಯ ನಿಯಮ ಅಲ್ಲಿಗೆ ನಿಲ್ಲುವುದಿಲ್ಲ. ಗುಂಡು ಮುಂದಕ್ಕೆ ಒಯ್ದ ಸಂವೇಗದಷ್ಟೇ ಸಂವೇಗ ಪಿಸ್ತೂಲಿಗೆ ಹಿಮ್ಮುಖವಾಗಿ ದೊರೆಯುತ್ತದೆ. ಪಿಸ್ತೂಲಿನ ತೂಕ ಅರ್ಧ ಕಿಲೋ ಎಂದಿಟ್ಟುಕೊಂಡು, ಮದ್ದಿನ ಅನಿಲದ ಪಾಲನ್ನು ಸದ್ಯಕ್ಕೆ ಬಿಟ್ಟು ಲೆಕ್ಕ ಹಾಕಿದರೆ, ಕೈಯ ಮೇಲೆ ಬೀಳುವ ಒದೆತದ ಶಕ್ತಿ .380ರಲ್ಲಿ ಸುಮಾರು 3 ಜೂಲ್, 9 ಎಂಎಂನಲ್ಲಿ 7ಕ್ಕಿಂತ ಹೆಚ್ಚು, .40ರಲ್ಲಿ 12. ಅಂದರೆ 9 ಎಂಎಂ ಬಿಟ್ಟು .40ಕ್ಕೆ ಹೋದವನ ಗುಂಡಿಗೆ ದೊರೆಯುವ ಲಾಭ ನೂರಕ್ಕೆ 14ರಷ್ಟು. ಅವನ ಕೈಗೆ ಬೀಳುವ ದಂಡ ನೂರಕ್ಕೆ 65ರಷ್ಟು. ಇಂಥ ವ್ಯಾಪಾರವನ್ನು ನಮ್ಮೂರಿನ ಸಂತೆಯಲ್ಲಿ ಯಾರೂ ಮಾಡಲಾರರು.

ತೂಕದ ದೊಡ್ಡ ಪಿಸ್ತೂಲಿನಲ್ಲಿ ಈ ಒದೆತ ಹರಡಿಹೋಗುತ್ತದೆ. ಬಚ್ಚಿಡುವುದಕ್ಕೆಂದು ಚಿಕ್ಕದಾಗಿ, ಹಗುರವಾಗಿ ಮಾಡಿದ ಪಿಸ್ತೂಲಿನಲ್ಲಿ ಅದು ಹಾಗೆಯೇ ಅಂಗೈಗೆ ಇಳಿಯುತ್ತದೆ. ಹಿಡಿ ಎಷ್ಟು ಗಿಡ್ಡವೆಂದರೆ ಕೆಲವದರಲ್ಲಿ ಕಿರುಬೆರಳಿಗೆ ಜಾಗವೇ ಇರುವುದಿಲ್ಲ. ಸಾಲದ್ದಕ್ಕೆ ದಪ್ಪ ತೋಟೆ ಕಡಿಮೆ ಹಿಡಿಸುತ್ತದೆ. ಒಂದೇ ಅಳತೆಯ ಎರಡು ಗ್ಲಾಕ್ ಪಿಸ್ತೂಲುಗಳಿವೆ: 9 ಎಂಎಂನ 26ನೆಯ ಮಾದರಿಯ ಮ್ಯಾಗಜೀನಿನಲ್ಲಿ 10 ತೋಟೆ, .40ರ 27ನೆಯ ಮಾದರಿಯಲ್ಲಿ 9.

‘ಆದರೆ ಅಂಕಲ್, ಸ್ಟಾಪಿಂಗ್ ಪವರ್?’ ಎಂದ ಮೂರನೆಯ ಗೆಳೆಯ. ಈ ಲೇಖನವನ್ನು ನಾನು ಬರೆಯುತ್ತಿರುವುದೇ ಆ ಎರಡು ಪದಗಳ ಮೇಲಿನ ಕೋಪದಿಂದ. ‘ತಡೆಯುವ ಶಕ್ತಿ’ ಎಂಬ ರಾಶಿ ಭೌತಶಾಸ್ತ್ರದಲ್ಲಿ ಇಲ್ಲದಿಲ್ಲ. ಅದು ಪರಮಾಣು ಕಣಗಳ ಅಧ್ಯಾಯದಲ್ಲಿ ಬರುತ್ತದೆ. ಪಿಸ್ತೂಲಿನ ಗುಂಡಿಗೆ ಅಂಥ ಅಳೆಯಬಹುದಾದ ರಾಶಿ ಯಾವುದೂ ಇಲ್ಲ. ಗುಂಡು ಬಡಿದೊಡನೆ ಮನುಷ್ಯ ಹಿಂದಕ್ಕೆ ಹಾರಿ ಬೀಳುವುದು ಸಿನಿಮಾದಲ್ಲಿ ಮಾತ್ರ. ಹಾರಿ ಬೀಳಿಸುವಷ್ಟು ಸಂವೇಗ ಗುಂಡಿಗಿದ್ದರೆ, ಅದೇ ಸಂವೇಗ ಹಾರಿಸಿದವನನ್ನೂ ಹಿಂದಕ್ಕೆ ಕೆಡವಬೇಕು. ಒಂಬತ್ತನೆಯ ತರಗತಿಯ ಹುಡುಗನೂ ಹೇಳಬಲ್ಲ ಮಾತಿದು.

ಈ ಪದದ ಹಿಂದೆ ಬಿದ್ದು ಒಂದು ದೊಡ್ಡ ಸಂಸ್ಥೆಯೇ ಕಾಲು ಶತಮಾನ ಸುತ್ತು ಹಾಕಿ ಬಂದ ಕಥೆಯನ್ನು ಅಂದು ಅವರಿಗೆ ಹೇಳಿದೆ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐನ ಎಂಟು ಮಂದಿಗೂ ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗ ನಡೆಯಿತು. ಆರಂಭದಲ್ಲೇ ಒಬ್ಬ ದರೋಡೆಕೋರನಿಗೆ ಬಿದ್ದ 9 ಎಂಎಂ ಗುಂಡು ತೋಳನ್ನು ತೂರಿ, ಎದೆಗೆ ನುಗ್ಗಿ, ಹೃದಯಕ್ಕೆ ಒಂದಂಗುಲ ಈಚೆಗೆ ನಿಂತಿತು. ಸಾವಿಗೆ ಸಾಕಾಗುವ ಗಾಯವದು. ಆದರೆ ಅವನು ತಕ್ಷಣ ಬೀಳಲಿಲ್ಲ. ಕೈಯಲ್ಲಿ ರೈಫಲಿದ್ದ ಅವನು ಆಮೇಲೂ ಹೋರಾಡಿದ. ಎಫ್‌ಬಿಐನ ಇಬ್ಬರು ಸತ್ತರು, ಐವರು ಗಾಯಗೊಂಡರು. ದೂರು ಬಂದದ್ದು ಗುಂಡಿನ ಮೇಲೆ. ಜೆಲಾಟಿನ್ ಅಚ್ಚಿನಲ್ಲಿ ಗುಂಡು ಕನಿಷ್ಠ 12 ಅಂಗುಲ ಇಳಿಯಬೇಕು, 18 ದಾಟಬಾರದು ಎಂಬ ಪರೀಕ್ಷೆ ಬಂದದ್ದು ಆ ಬಳಿಕ. ಅದು ಒಳ್ಳೆಯ ಪರೀಕ್ಷೆಯೇ. ಜೊತೆಗೆ 10 ಎಂಎಂ ಎಂಬ ಬಲವಾದ ತೋಟೆಯೂ ಬಂತು. ಅದರ ಒದೆತವನ್ನು ಬಹಳ ಮಂದಿ ತಾಳಲಾರದೆ ಹೋದಾಗ ಅದರ ಬಲ ತಗ್ಗಿಸಿ, ಕೊನೆಗೆ ಆ ತಗ್ಗಿಸಿದ ಬಲಕ್ಕೆ ಹೊಂದುವಂತೆ ಗಿಡ್ಡವಾಗಿಸಿದ .40 ಹುಟ್ಟಿತು. ದೇಶದ ಪೊಲೀಸರೆಲ್ಲ ಅದರ ಹಿಂದೆ ನಡೆದರು. ಕೊನೆಗೆ 2014ರಲ್ಲಿ ಎಫ್‌ಬಿಐನ ತರಬೇತಿ ವಿಭಾಗವೇ ಬರೆಯಿತು: ಹೊಸ ಗುಂಡುಗಳಲ್ಲಿ ಈ ಕ್ಯಾಲಿಬರುಗಳು ಮಾಡುವ ಗಾಯಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ; ಹೆಚ್ಚಿನವರು 9 ಎಂಎಂನಲ್ಲಿ ಬೇಗನೆಯೂ ನಿಖರವಾಗಿಯೂ ಹೊಡೆಯುತ್ತಾರೆ; ನಿಜವಾದ ಘರ್ಷಣೆಯಲ್ಲಿ ಪೊಲೀಸರು ಹಾರಿಸಿದ ನೂರು ಗುಂಡುಗಳಲ್ಲಿ ಗುರಿ ಮುಟ್ಟುವುದು 20ರಿಂದ 30 ಮಾತ್ರ. 2016ರಲ್ಲಿ ಸಂಸ್ಥೆ ಮತ್ತೆ 9 ಎಂಎಂ ಪಿಸ್ತೂಲುಗಳಿಗೇ ಗುತ್ತಿಗೆ ಕೊಟ್ಟಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಮೂವತ್ತು ವರ್ಷ ನೆಲವನ್ನು ಅಗೆದು ಸಮ ಮಾಡಿ, ಕೊನೆಗೆ ಕುಣಿತದ ಅಭ್ಯಾಸವೇ ಮುಖ್ಯವೆಂದು ಕಂಡುಕೊಂಡರು.

ತರಬೇತಿ ಪಡೆದ ಪೊಲೀಸರ ನೂರರಲ್ಲಿ ಎಪ್ಪತ್ತು ಗುಂಡುಗಳು ಎಲ್ಲಿಗೆ ಹೋಗುತ್ತವೆ? ಯಾವುದೋ ಗೋಡೆಗೆ, ಕಾರಿಗೆ, ಕೆಲವೊಮ್ಮೆ ದಾರಿಹೋಕರಿಗೆ. ರಾತ್ರಿ ಪಾಳಿ ಮುಗಿಸಿ ದಣಿದು ಬರುವ, ವರ್ಷಕ್ಕೊಮ್ಮೆ ಅಭ್ಯಾಸ ಮಾಡುವ ನನ್ನ ಸೊಸೆಯ ಗುಂಡು ಇವರದಕ್ಕಿಂತ ಚೆನ್ನಾಗಿ ಹೋದೀತೆ? ಇದನ್ನು ಕೇಳಿದಾಗ ಮೇಜಿನ ಸುತ್ತ ಉತ್ತರವಿರಲಿಲ್ಲ.

ಮರುದಿನ ಎಲ್ಲರೂ ರೇಂಜಿಗೆ ಹೋದೆವು. ನಾನು ಹಿಂದೆ ನಿಂತು ನೋಡಿದೆನಷ್ಟೆ. ಪ್ರವಾಸಿ ವೀಸಾದಲ್ಲಿ ಬಂದವನು ಬಂದೂಕನ್ನು ಹಿಡಿಯುವುದನ್ನು ಅಲ್ಲಿನ ಕೇಂದ್ರ ಕಾನೂನು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನಿಷೇಧಿಸುತ್ತದೆ. ಎಚ್-1ಬಿ ವೀಸಾದ ನಮ್ಮ ಹುಡುಗರಿಗೂ ಇದೇ ನಿಷೇಧ ಅನ್ವಯಿಸುತ್ತದೆ. ಗೆಳೆಯರು ಕರೆದರೆಂದು ರೇಂಜಿಗೆ ಹೋಗಿ ಫೋಟೋ ತೆಗೆಸಿಕೊಳ್ಳುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಬಾಡಿಗೆಗೆ ಪಡೆದ .40ರ ಚಿಕ್ಕ ಪಿಸ್ತೂಲನ್ನು ಮೊದಲು ಸೊಸೆಯ ಕೈಗಿತ್ತರು. ಮೊದಲ ಗುಂಡು ಹಲಗೆಯ ಅಂಚಿಗೆ, ಎರಡನೆಯದು ಅದರ ಹೊರಗೆ. ಮೂರನೆಯದಕ್ಕೆ ಅವಳ ಕಣ್ಣು ಮುಚ್ಚಿದ್ದವು. ನಲವತ್ತು ವರ್ಷ ಹಿಂದಿನ ನನ್ನ ಎನ್‌ಸಿಸಿ ಹುಡುಗರೇ ಕಣ್ಮುಂದೆ ಬಂದರು. 9 ಎಂಎಂನಲ್ಲಿ ಕಣ್ಣು ತೆರೆದೇ ಇದ್ದವು, ಹತ್ತರಲ್ಲಿ ಆರು ಹಲಗೆಯ ಮಧ್ಯದಲ್ಲಿದ್ದವು. ಆದರೆ ಇಪ್ಪತ್ತರ ಹೊತ್ತಿಗೆ ಹೆಬ್ಬೆರಳಿನ ಬುಡ ಕೆಂಪಾಗಿತ್ತು. .380ರಲ್ಲಿ ಹತ್ತಕ್ಕೆ ಒಂಬತ್ತು. ಅವಳ ಮುಖದಲ್ಲಿ ಮೊದಲ ಬಾರಿಗೆ ನಗೆ ಕಂಡಿತು. ‘ಮಾವ, ಇದಾದರೆ ನನ್ನ ಕೈಮಾತು ಕೇಳುತ್ತದೆ’ ಎಂದಳು. ಗಂಡಸರು ಒಕ್ಕೊರಲಿನಿಂದ ಹೇಳಿದರು: ‘ಅದು ತೀರಾ ಸಣ್ಣದು. ಅದರಿಂದ ಏನೂ ಆಗುವುದಿಲ್ಲ.’

ಏನೂ ಆಗುವುದಿಲ್ಲವೆ? 1948ರ ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯ ಮೇಲೆ ಹಾರಿದ ಮೂರು ಗುಂಡುಗಳು ಬೆರೆಟ್ಟಾ 1934 ಮಾದರಿಯ ಪಿಸ್ತೂಲಿನವು. ಅದರ ತೋಟೆಗೆ ಇಟಲಿಯವರು ಇಟ್ಟ ಹೆಸರು ‘9 ಎಂಎಂ ಕೊರ್ಟೊ’, ಅಂದರೆ ಗಿಡ್ಡ 9. ಅದೇ ಈ .380. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನನ್ನೂ ಅವನ ಪತ್ನಿಯನ್ನೂ ಕೊಂದು ಮೊದಲ ಮಹಾಯುದ್ಧಕ್ಕೆ ಕಿಡಿ ಹೊತ್ತಿಸಿದ್ದೂ ಇದೇ ಅಳತೆಯ ಪಿಸ್ತೂಲು. ನಮ್ಮ ನಾಡಿಗೇ ಬನ್ನಿ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಪ್ರೊಫೆಸರ್ ಎಂ.ಎಂ. ಕಲಬುರ್ಗಿಯವರನ್ನೂ, 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದ ರಾತ್ರಿ, ಬೆಂಗಳೂರಿನ ತಮ್ಮ ಮನೆಯೆದುರು ಗೌರಿ ಲಂಕೇಶರನ್ನೂ ಬಲಿ ತೆಗೆದುಕೊಂಡದ್ದು 7.65 ಎಂಎಂನ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿದೆ. ಅದು .380ಕ್ಕಿಂತಲೂ ಚಿಕ್ಕದು. ಆ ದಿನ ಬೆಳಿಗ್ಗೆ ಹಳೆಯ ವಿದ್ಯಾರ್ಥಿಗಳು ಫೋನು ಮಾಡಿ ಶುಭಾಶಯ ಹೇಳಿದ್ದರು; ರಾತ್ರಿ ಟಿ.ವಿ.ಯ ಮುಂದೆ ಕುಳಿತವನಿಗೆ ಊಟ ಸೇರಲಿಲ್ಲ. ಸಣ್ಣ ಗುಂಡು, ದೊಡ್ಡ ಗುಂಡು ಎಂಬ ಮಾತನ್ನು ಹಗುರವಾಗಿ ಆಡುವವರ ಮುಂದೆ ನನಗೆ ನೆನಪಾಗುವುದು ಆ ರಾತ್ರಿ.

ವಾದದಲ್ಲಿ ಪ್ರಾಮಾಣಿಕನಾಗಿರಬೇಕಾದರೆ ಇನ್ನೊಂದು ಮಾತನ್ನೂ ಒಪ್ಪಬೇಕು. ಕೈಮುಗಿಯುತ್ತ ಬರುವ ಮುದುಕನನ್ನು, ಬಾಗಿಲು ತೆರೆದ ಪ್ರಾಧ್ಯಾಪಕನನ್ನು ಕೊಲ್ಲುವುದು ಬೇರೆ. ಎರಗಿ ಬರುತ್ತಿರುವವನನ್ನು ಎರಡು ಸೆಕೆಂಡಿನಲ್ಲಿ ನಿಲ್ಲಿಸುವುದು ಬೇರೆ. ಕೊಲ್ಲಲು ಯಾವ ಅಳತೆಯೂ ಸಾಲುತ್ತದೆ. ನಿಲ್ಲಿಸಲು ಯಾವ ಪಿಸ್ತೂಲಿನ ಅಳತೆಯೂ ಖಾತರಿ ಕೊಡುವುದಿಲ್ಲ. .380ಕ್ಕೆ ತನ್ನದೇ ದೌರ್ಬಲ್ಯವಿದೆ: ತುದಿ ಟೊಳ್ಳಾದ ಗುಂಡು ಒಳಗೆ ಅರಳಿಕೊಂಡರೆ ಹಲವು ಬಾರಿ ಆ 12 ಅಂಗುಲ ತಲುಪದು, ಅರಳದಿದ್ದರೆ ಆಳಕ್ಕೇನೋ ಹೋಗುತ್ತದೆ, ಆದರೆ ಕಿರಿದಾದ ದಾರಿ ಮಾಡಿಕೊಂಡು. ಆದುದರಿಂದ ನನ್ನ ಲೆಕ್ಕದ ತೀರ್ಪು ಇಷ್ಟು. ಚಿಕ್ಕ ಪಿಸ್ತೂಲಿನಲ್ಲಿ .40ಕ್ಕೆ ಕೆಲಸವಿಲ್ಲ. ಕೈ ತಾಳುವುದಾದರೆ 9 ಎಂಎಂ. ಕೈ ತಾಳದಿದ್ದರೆ, ಸ್ಲೈಡನ್ನು ಸರಾಗವಾಗಿ ಎಳೆಯಬಹುದಾದ, ತುಸು ತೂಕವಿರುವ .380. ತಾಳುತ್ತದೆಯೋ ಇಲ್ಲವೋ ಎಂಬುದನ್ನು ಹೇಳಬೇಕಾದದ್ದು ಹಿಡಿಯುವವಳ ಅಂಗೈ. ಪಕ್ಕದಲ್ಲಿ ನಿಂತ ಗಂಡಸರ ನಾಲಿಗೆಯಲ್ಲ.

ಆದರೆ ನನ್ನ ಜಗಳ ಇಲ್ಲಿಗೆ ಮುಗಿಯುವುದಿಲ್ಲ. ನಿಜವಾದ ಜಗಳ ಆರಂಭವಾದದ್ದೇ ರೇಂಜಿನಿಂದ ಮರಳುವಾಗ. ಕಾರಿನಲ್ಲಿ ಸೊಸೆಯನ್ನು ಕೇಳಿದೆ: ‘ಅಮ್ಮಾ, ನಿಮ್ಮ ಆಸ್ಪತ್ರೆಯೊಳಕ್ಕೆ ಇದನ್ನು ಒಯ್ಯಲು ಬಿಡುತ್ತಾರೆಯೆ?’ ‘ಇಲ್ಲ ಮಾವ. ಕೆಲಸಗಾರರು ಯಾರೂ ಒಯ್ಯುವಂತಿಲ್ಲ.’ ‘ಹಾಗಾದರೆ ಎಲ್ಲಿಡುತ್ತೀಯೆ?’ ‘ಕಾರಿನಲ್ಲಿ.’ ‘ನಿನಗೆ ಭಯವಿರುವುದು ಎಲ್ಲಿ?’ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಆಸ್ಪತ್ರೆಯ ಬಾಗಿಲಿನಿಂದ ಕಾರಿನವರೆಗೆ’ ಎಂದಳು.

ಎರಡು ವಾರ ನಾಲ್ಕು ಮಂದಿ ವಿದ್ಯಾವಂತ ಗಂಡಸರು ಗುಂಡಿನ ವ್ಯಾಸ, ತೂಕ, ವೇಗ, ಜೆಲಾಟಿನ್ ಎಲ್ಲವನ್ನೂ ಚರ್ಚಿಸಿದ್ದೆವು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಯಾವ ಇನ್ನೂರು ಹೆಜ್ಜೆಗಳಿಗಾಗಿ ಪಿಸ್ತೂಲು ಬೇಕೆಂದು ಹೊರಟಿದ್ದೆವೋ, ಆ ಇನ್ನೂರು ಹೆಜ್ಜೆಗಳಲ್ಲಿ ಅದು ಅವಳ ಬಳಿ ಇರುವುದೇ ಇಲ್ಲವೆಂಬುದನ್ನು ಒಬ್ಬರೂ ಯೋಚಿಸಿರಲಿಲ್ಲ. ಅವಳು ನಡೆಯುವಾಗ ಅದು ಕಾರಿನಲ್ಲಿ ಮಲಗಿರುತ್ತದೆ. ಕಾರಿನ ಗಾಜೊಡೆದ ಕಳ್ಳನಿಗೆ ಸಿಕ್ಕರೆ ಅವನದಾಗುತ್ತದೆ. ಕ್ಯಾಲಿಬರ್ ಚರ್ಚೆಯ ಮೇಲೆ ನನಗಿರುವ ದೊಡ್ಡ ದೂರು ಇದೇ. ಅದು ಸುಖವಾದ ಪ್ರಶ್ನೆ. ಅದಕ್ಕೆ ಅಂಕಿಗಳಿವೆ, ಪಕ್ಷಗಳಿವೆ, ಗೆಲುವಿದೆ. ಕಷ್ಟದ ಪ್ರಶ್ನೆಗಳನ್ನು ಅದರ ನೆರಳಿನಲ್ಲಿ ಬಚ್ಚಿಡಬಹುದು. ಪಿಸ್ತೂಲು ಯಾವ ಹೊತ್ತಿನಲ್ಲಿ ಎಲ್ಲಿರುತ್ತದೆ? ತಿಂಗಳಿಗೆ ಎಷ್ಟು ಗುಂಡು ಅಭ್ಯಾಸ? ಮನೆಯಲ್ಲಿ ಬೀಗ ಎಲ್ಲಿ, ಬೀಗದ ಕೈ ಯಾರ ಬಳಿ? ಆ ಮನೆಯಲ್ಲಿ ಆರು ವರ್ಷದ ನನ್ನ ಮೊಮ್ಮಗನಿದ್ದಾನೆ. ಡಬ್ಬಿಯಲ್ಲಿಟ್ಟ ಚಕ್ಕುಲಿಯನ್ನು ಯಾವ ಎತ್ತರದಲ್ಲಿಟ್ಟರೂ ಪತ್ತೆ ಹಚ್ಚುವ ಜಾಣ. ಮಗುವಿನ ಕೈಗೆ ಸಿಗುವಂತೆ ತುಂಬಿದ ಬಂದೂಕು ಬಿಡುವುದು ಟೆಕ್ಸಾಸಿನಲ್ಲೂ ಅಪರಾಧವೇ. ಅಮೆರಿಕದಲ್ಲಿ 2022ರಲ್ಲಿ ಬಂದೂಕಿನಿಂದ ಸತ್ತವರು ಸುಮಾರು 48 ಸಾವಿರ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತದ್ದು ಕಳ್ಳರ ಕೈಯಿಂದಲ್ಲ, ತಮ್ಮದೇ ಕೈಯಿಂದ. ಈ ಸಾವುಗಳಲ್ಲಿ ಕ್ಯಾಲಿಬರ್ ಯಾವುದೆಂದು ಯಾರೂ ಕೇಳುವುದಿಲ್ಲ.

ನಮ್ಮ ದೇಶದವರು ಇದನ್ನು ಓದಿ, ‘ಅದು ಅಮೆರಿಕದ ಹುಚ್ಚು’ ಎಂದು ನಗುವ ಹಾಗಿಲ್ಲ. ಇಲ್ಲಿ 9 ಎಂಎಂ ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರು, ಪರವಾನಗಿ ಪಡೆದವರಿಗೆ ಹೆಚ್ಚಾಗಿ ಸಿಗುವುದು .32 ಎಂಬುದು ನಿಜ. ಆದರೆ 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ಅರ್ಧ ಕಿಲೋ ತೂಕದ .32 ರಿವಾಲ್ವರೊಂದನ್ನು ‘ನಿರ್ಭೀಕ್’ ಎಂಬ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಹೊರತಂದಿತು; ಬೆಲೆ ಒಂದು ಲಕ್ಷ ರೂಪಾಯಿಗೂ ಮೇಲೆ. ಬೀದಿದೀಪ, ರಾತ್ರಿ ಬಸ್ಸು, ಕರೆದರೆ ಬರುವ ಪೊಲೀಸರು, ಇವೆಲ್ಲ ಕೊಡಬೇಕಾದವರು ಅಭಯದ ಹೆಸರಿಟ್ಟ ಲೋಹದ ತುಂಡೊಂದನ್ನು ಮಾರಿದರೆ, ಅದನ್ನು ಕೊಳ್ಳಲಾರದ ಹೆಣ್ಣುಮಗಳ ಗತಿಯೇನು?

ಸೊಸೆ ಮರುವಾರ ಆಸ್ಪತ್ರೆಯ ಕಾವಲು ವಿಭಾಗಕ್ಕೆ ಫೋನು ಮಾಡಿದಳು. ಕೇಳಿದವರನ್ನು ಕಾರಿನವರೆಗೆ ಬಿಟ್ಟು ಬರುವ ವ್ಯವಸ್ಥೆ ಅಲ್ಲಿ ಮೊದಲಿನಿಂದಲೂ ಇತ್ತಂತೆ. ಯಾರೂ ಕೇಳಿರಲಿಲ್ಲ, ಅಷ್ಟೆ. ಈಗ ರಾತ್ರಿ ಪಾಳಿಯ ನಾಲ್ವರು ಹೆಣ್ಣುಮಕ್ಕಳು ಒಟ್ಟಿಗೆ ಹೊರಡುತ್ತಾರೆ, ಕಾವಲುಗಾರನೊಬ್ಬ ಜೊತೆಗೆ ಬರುತ್ತಾನೆ. ಅವಳು ತನಗೆ ಸದ್ಯಕ್ಕೆ ಪಿಸ್ತೂಲು ಬೇಡವೆಂದಳು.

ಮಗ ಕೇಳಲಿಲ್ಲ. ‘ಅಪ್ಪ, ಇಲ್ಲಿನದು ನಿಮಗೆ ಗೊತ್ತಾಗುವುದಿಲ್ಲ’ ಎಂದು ಮನೆಗೆಂದು ಒಂದು 9 ಎಂಎಂ ತಂದ. ನನ್ನ ಒತ್ತಾಯಕ್ಕೆ ಮಣಿದು ಉಕ್ಕಿನ ಪೆಟ್ಟಿಗೆಯೊಂದನ್ನೂ ತಂದು, ಬಟ್ಟೆ ಬೀರುವಿನ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ. ಬೆಳೆದ ಮಗನಿಗೆ ಅದಕ್ಕಿಂತ ಹೆಚ್ಚು ಹೇಳುವ ಅಧಿಕಾರ ತಂದೆಗಿಲ್ಲವೆಂದು ನಾನೂ ಸುಮ್ಮನಾದೆ.

ಈಗ ಊರಿಗೆ ಬಂದು ಏಳು ತಿಂಗಳಾಯಿತು. ಪ್ರತಿ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಮೊಮ್ಮಗ ಕನ್ನಡದ ಕಾಗುಣಿತ ಒಪ್ಪಿಸುತ್ತಾನೆ. ಆಮೇಲೆ ಮಗನಿಗೆ ನನ್ನ ಎರಡು ಪ್ರಶ್ನೆಗಳು. ಪೆಟ್ಟಿಗೆಗೆ ಬೀಗ ಹಾಕಿದೆಯೇನಪ್ಪಾ? ಹಾಕಿದೆ ಅಪ್ಪ. ಈ ತಿಂಗಳು ರೇಂಜಿನಲ್ಲಿ ಎಷ್ಟು ಗುಂಡು ಹಾರಿಸಿದೆ? ಮೊದಲ ತಿಂಗಳು ನೂರು ಎಂದಿದ್ದ, ಎರಡನೆಯ ತಿಂಗಳು ಐವತ್ತು. ಮೂರನೆಯ ತಿಂಗಳಿನಿಂದ, ‘ಈ ವಾರ ಆಫೀಸಿನಲ್ಲಿ ಕೆಲಸ ಜಾಸ್ತಿ ಅಪ್ಪ’ ಎನ್ನುತ್ತಾನೆ. ಮಾರ್ಗದರ್ಶಿ ಪುಸ್ತಕ ಕೊಂಡು ತಂದ ದಿನವೇ ಪಾಸಾದೆನೆಂದು ನಂಬುವ ವಿದ್ಯಾರ್ಥಿಗಳನ್ನು ನಾನು ಬಹಳ ನೋಡಿದ್ದೇನೆ.

ಹೊರದೇಶದಲ್ಲಿ ಮಕ್ಕಳಿರುವ ನನ್ನ ವಾರಿಗೆಯ ತಂದೆತಾಯಂದಿರೇ, ನಿಮ್ಮ ಮನೆಯಲ್ಲೂ ಈ ಮಾತು ಬಂದೀತು. ಯಾವ ಕ್ಯಾಲಿಬರ್ ಎಂದು ಅವರು ಕೇಳಿದರೆ, ಆ ಎರಡು ಪ್ರಶ್ನೆಗಳನ್ನು ನೀವೂ ಕೇಳಿ. ಅವರಿಗೆ ಬೇಸರವಾದರೂ ಪ್ರತಿ ಭಾನುವಾರ ಕೇಳಿ.